ಹಳೆಯ ವೇಟ್ ಬೆಂಚ್ ಮನೆಗೆ ತರುವ ಮುನ್ನ: ರೋಗಿಗಳು ಮತ್ತು ಮನೆಯವರು ತಿಳಿದಿರಬೇಕಾದ ವಿಷಯಗಳು

"ನಡಿಗೆ ಒಂದೇ ಸಾಲದು, ಸ್ನಾಯುಗಳಿಗೂ ಸ್ವಲ್ಪ ಕೆಲಸ ಕೊಡಿ." ಮಧುಮೇಹ, ರಕ್ತದೊತ್ತಡ ಅಥವಾ ಮೂಳೆ ದುರ್ಬಲವಾಗುವ ತೊಂದರೆ ಇರುವವರಿಗೆ ವೈದ್ಯರು ಈಗ ಹೀಗೆ ಹೇಳುವುದು ಹೆಚ್ಚಾಗಿದೆ. ಆದರೆ ಅರವತ್ತು ದಾಟಿದವರಿಗೆ ಜಿಮ್‌ಗೆ ಹೋಗಲು ಸಂಕೋಚ. ಕೆಲವರಿಗೆ ಶುಲ್ಕ ಹೊರೆ, ಕೆಲವರಿಗೆ ದೂರ. ಆಗ ಮಗನೋ ಸೊಸೆಯೋ ಮೊಬೈಲ್‌ನಲ್ಲಿ ಹುಡುಕಿ, ಯಾರೋ ಬಳಸಿ ಬಿಟ್ಟ ವೇಟ್ ಬೆಂಚ್ ಒಂದನ್ನು ಅರ್ಧ ಬೆಲೆಗೆ ಮನೆಗೆ ತರುತ್ತಾರೆ.

ಹೈದರಾಬಾದಿನ ನಮ್ಮ ಮನೆಗೂ ಒಂದು ಬೆಂಚ್ ಹೀಗೆಯೇ ಬಂತು. ಬೀದರ್‌ನಿಂದ ಬಂದು ನಮ್ಮೊಡನೆ ಇರುವ ಮಾವನವರಿಗೆ 64 ವರ್ಷ, ಸಕ್ಕರೆ ಮತ್ತು ಬಿಪಿ ಎರಡೂ ಇವೆ. ನೆಲದ ಮೇಲೆ ಕೂತರೆ ಏಳಲು ಇನ್ನೊಬ್ಬರ ಕೈ ಬೇಕಾಗುತ್ತಿತ್ತು. ಬೆಂಚ್ ತಂದಾಗ ಪಿನ್ ಸ್ವಲ್ಪ ಸಡಿಲವಾಗಿದೆ ಎಂದು ನಾನು ಹೇಳಿದ್ದಕ್ಕೆ, "ಕಬ್ಬಿಣ ಅದ ಬಿಡವ್ವಾ, ಏನಾಗ್ತದ?" ಎಂದು ನಕ್ಕರು. ಮೂರನೇ ದಿನ ಅವರು ಮಲಗಿದ್ದಾಗ ಬೆನ್ನಿನ ಹಲಗೆ ಒಂದು ಮೆಟ್ಟಿಲು ಕೆಳಗೆ ಜಾರಿತು. ಗಾಬರಿಯಿಂದ ಥಟ್ಟನೆ ಎದ್ದು ನಿಂತರು. ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದರು.

ಪೆಟ್ಟಾಗಲಿಲ್ಲ, ಅದೃಷ್ಟ. ಆದರೆ ಅಂದು ಎರಡು ತಪ್ಪುಗಳು ಒಟ್ಟಿಗೆ ಸೇರಿದ್ದವು. ಒಂದು, ಸವೆದ ಪಿನ್. ಇನ್ನೊಂದು, ಪ್ರಾಸ್ಟೇಟ್ ತೊಂದರೆಗೆಂದು ಹದಿನೈದು ದಿನಗಳ ಹಿಂದಷ್ಟೇ ಶುರುವಾಗಿದ್ದ ಟ್ಯಾಮ್ಸುಲೋಸಿನ್ ಮಾತ್ರೆ. ಮಲಗಿದ್ದವರು ಬೇಗ ಎದ್ದರೆ ಈ ಮಾತ್ರೆಯಿಂದ ರಕ್ತದೊತ್ತಡ ಇಳಿಯಬಹುದು. ಔಷಧ ಅಂಗಡಿಯ ಕೌಂಟರ್‌ನಲ್ಲಿ ನಿಂತು ಹತ್ತಾರು ಜನರಿಗೆ ಹೇಳುವ ಈ ಮಾತನ್ನು ನಾನು ನನ್ನ ಮನೆಯಲ್ಲೇ ಹೇಳಿರಲಿಲ್ಲ. ಅದಕ್ಕಾಗಿಯೇ ಈ ಲೇಖನ. ಬೆಂಚ್ ಪರೀಕ್ಷಿಸುವುದು ಹೇಗೆ, ಜೊತೆಗೆ ನಿಮ್ಮ ಔಷಧಗಳ ಪಟ್ಟಿಯನ್ನು ಏಕೆ ನೋಡಬೇಕು ಎಂಬ ಎರಡನ್ನೂ ಇಲ್ಲಿ ವಿವರಿಸಲಾಗಿದೆ.

ಭಾರ ಎತ್ತುವ ವ್ಯಾಯಾಮ ಏಕೆ?

ವಯಸ್ಸಾದಂತೆ ನಮ್ಮ ಸ್ನಾಯುಗಳು ನಿಧಾನವಾಗಿ ಕರಗುತ್ತವೆ. ತೊಡೆ ಸಣ್ಣದಾಗುತ್ತದೆ, ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ, ಬೀಳುವ ಭಯ ಹೆಚ್ಚುತ್ತದೆ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಆದ್ದರಿಂದ ಸ್ನಾಯು ಕಡಿಮೆಯಾದರೆ ಸಕ್ಕರೆಯ ನಿಯಂತ್ರಣವೂ ಕಷ್ಟ. ಮೂಳೆಗಳ ಮೇಲೆ ಹಿತಮಿತವಾದ ಭಾರ ಬಿದ್ದರೆ ಅವುಗಳ ಬಲ ಉಳಿಯಲು ನೆರವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಮಾಡಬೇಕು. ಅದರ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಇರಬೇಕು. 65 ದಾಟಿದವರು ಸಮತೋಲನದ ವ್ಯಾಯಾಮವನ್ನೂ ಸೇರಿಸಿಕೊಳ್ಳಬೇಕು. ದೀರ್ಘಕಾಲದ ಕಾಯಿಲೆ ಇರುವವರಿಗೂ ಇದೇ ಸಲಹೆ, ಅವರ ಶಕ್ತಿಗೆ ತಕ್ಕಂತೆ.

ಭಾರ ಎತ್ತುವುದು ನಮಗೆ ಹೊಸದೇನಲ್ಲ. ಊರೂರಿನ ಗರಡಿ ಮನೆಗಳಲ್ಲಿ, ಜಾತ್ರೆಯ ಗುಂಡುಕಲ್ಲು ಎತ್ತುವ ಪಂದ್ಯಗಳಲ್ಲಿ ಇದು ಮೊದಲಿನಿಂದಲೂ ಇದೆ. ಆದರೆ ಅಲ್ಲಿ ಎತ್ತುತ್ತಿದ್ದವರು ಪಳಗಿದ ಯುವಕರು. ಇಲ್ಲಿ ನಾವು ಮಾತನಾಡುತ್ತಿರುವುದು ದಿನಕ್ಕೆ ನಾಲ್ಕೈದು ಮಾತ್ರೆ ನುಂಗುವವರ ಬಗ್ಗೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. ಅನಂತರ ಎಷ್ಟೋ ಕನ್ನಡ ಮನೆಗಳಲ್ಲಿ ವ್ಯಾಯಾಮ ಎಂದರೆ ಅಂಜಿಕೆ ಹುಟ್ಟಿತು. ಹೃದಯ ತಪಾಸಣೆಗೆ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಜನ ಸಾಲುಗಟ್ಟಿದ್ದೂ ನೆನಪಿದೆ. ತಪಾಸಣೆ ಒಳ್ಳೆಯದೇ. ಆದರೆ ಹೆದರಿ ವ್ಯಾಯಾಮವನ್ನೇ ಬಿಟ್ಟರೆ ಅದೂ ಹೃದಯಕ್ಕೆ ಹಾನಿ. ಲಘುವಾಗಿ, ನಿಧಾನವಾಗಿ, ವೈದ್ಯರ ಅರಿವಿನಲ್ಲಿ ಮಾಡುವ ವ್ಯಾಯಾಮ ಬಹುಪಾಲು ಜನರಿಗೆ ಸುರಕ್ಷಿತ.

ಮೊದಲು ಕೇಳಿಕೊಳ್ಳಿ: ಬೆಂಚ್ ಬೇಕೇ?

ಮನೆಯಲ್ಲಿರುವ ಗಟ್ಟಿ ಕುರ್ಚಿಯೊಂದರಿಂದ ಶುರು ಮಾಡಬಹುದು. ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಂದು ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಅಮೆರಿಕದ ಸಿಡಿಸಿ ಬಳಸುವ ಅಳತೆಯಲ್ಲಿ 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಬಲ ಸಾಲದು ಎಂದರ್ಥ.

ಈ ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೆ ಕುರ್ಚಿಯಿಂದ ಎದ್ದು ಕೂರುವುದೇ ಮೊದಲ ವ್ಯಾಯಾಮ. ಗೋಡೆಗೆ ಕೈಯೂರಿ ತಳ್ಳುವುದು, ಒಂದು ಲೀಟರ್ ನೀರಿನ ಬಾಟಲಿ ಎತ್ತುವುದು ಇವೂ ಸಾಕು. ಒಂದೆರಡು ತಿಂಗಳು ಇದನ್ನು ಬಿಡದೆ ಮಾಡಿದ ಮೇಲೂ ಮುಂದುವರಿಯುವ ಮನಸ್ಸಿದ್ದರೆ ಆಗ ಬೆಂಚ್ ಕೊಳ್ಳಿ. ಮೊದಲೇ ಕೊಂಡ ಬೆಂಚ್ ಎಷ್ಟೋ ಮನೆಗಳಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗಿದೆ.

ಇವರು ವೈದ್ಯರನ್ನು ಕೇಳದೆ ಶುರು ಮಾಡಬಾರದು

- ಎದೆನೋವು, ನಡೆದಾಗ ಉಸಿರು ಕಟ್ಟುವುದು, ತಲೆಸುತ್ತಿ ಬೀಳುವುದು ಇರುವವರು
- ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ಪೇಸ್‌ಮೇಕರ್ ಇರುವವರು. ಎದೆಯ ಮೂಳೆ ಕೂಡುವವರೆಗೆ ಮತ್ತು ಪೇಸ್‌ಮೇಕರ್ ಹಾಕಿದ ಬದಿಯ ತೋಳು ಗಟ್ಟಿಯಾಗುವವರೆಗೆ ಎಷ್ಟು ಭಾರ, ಎಷ್ಟು ವಾರ ಎಂಬುದನ್ನು ವೈದ್ಯರೇ ಹೇಳಬೇಕು
- ಬಿಪಿ ಹತೋಟಿಗೆ ಬಾರದವರು
- ಮಧುಮೇಹದಿಂದ ಕಣ್ಣಿನ ಅಕ್ಷಿಪಟಲಕ್ಕೆ ತೀವ್ರ ಹಾನಿಯಾದವರು. ಇವರು ಉಸಿರುಗಟ್ಟಿ ಭಾರ ಎತ್ತಿದರೆ ಕಣ್ಣಿನೊಳಗೆ ರಕ್ತಸ್ರಾವವಾಗಬಹುದು
- ಹರ್ನಿಯಾ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು
- ಬೆನ್ನುಮೂಳೆ ಟೊಳ್ಳಾಗಿರುವವರು. ಬೆಂಚ್ ಮೇಲೆ ಮಲಗಿ ಮುಂದಕ್ಕೆ ಬಾಗಿ ಏಳುವ ವ್ಯಾಯಾಮ ಇವರಿಗೆ ಬೇಡ

ಹೈದರಾಬಾದಿನಲ್ಲಿ ಹಳೆಯ ಬೆಂಚ್ ಎಲ್ಲಿ ಸಿಗುತ್ತದೆ?

2020ರ ಲಾಕ್‌ಡೌನ್‌ನಲ್ಲಿ ಜಿಮ್‌ಗಳು ಮುಚ್ಚಿದ್ದಾಗ ಅನೇಕರು ಮನೆಗೇ ಬೆಂಚ್, ಡಂಬೆಲ್ ತರಿಸಿಕೊಂಡಿದ್ದರು. ಅಂಥವು ಈಗ ಓಎಲ್‌ಎಕ್ಸ್‌ನಂಥ ಆ್ಯಪ್‌ಗಳಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮಾರಾಟಕ್ಕೆ ಬರುತ್ತವೆ. ಎರ್ರಗಡ್ಡದ ಭಾನುವಾರದ ಸಂತೆ, ಹಳೆ ಊರಿನ ಕಡೆಯ ಜುಮೇರಾತ್ ಬಜಾರ್, ಅಂದರೆ ಗುರುವಾರದ ಸಂತೆ, ಹಳೆಯ ಸಾಮಾನುಗಳಿಗೆ ಹೆಸರಾದ ಜಾಗಗಳು. ಮುಚ್ಚಿಹೋಗುವ ಜಿಮ್‌ಗಳೂ ತಮ್ಮ ಸಾಮಾನು ಮಾರುತ್ತವೆ.

ಮನೆಬಳಕೆಯ ಬೆಂಚ್ ಹಗುರ, ಮಡಚಬಹುದು, ಆದರೆ ಕೊಳವೆ ತೆಳು. ಜಿಮ್‌ನ ಬೆಂಚ್ ದಪ್ಪ ಕಬ್ಬಿಣದ್ದು, ಹಳೆಯದಾದರೂ ಗಟ್ಟಿ. ಆದರೆ ತುಂಬಾ ಭಾರ, ಬೆವರು ಕುಡಿದ ರೆಕ್ಸಿನ್ ಬೇರೆ. ಯಾವುದೇ ಆಗಲಿ, ಸಂತೆಯಲ್ಲಿ ಕೊಂಡರೆ ವಾಪಸಾತಿಯೂ ಇಲ್ಲ, ಗ್ಯಾರಂಟಿಯೂ ಇಲ್ಲ. ಹಾಗಾಗಿ ಅಲ್ಲಿಯೇ ಪರೀಕ್ಷಿಸಬೇಕು.

ಆ್ಯಪ್‌ನಲ್ಲಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ವಸ್ತುವನ್ನು ಕಣ್ಣಾರೆ ನೋಡುವ ಮೊದಲು ಮುಂಗಡ ಕೊಡಬೇಡಿ. "ವರ್ಗಾವಣೆಯಾಗಿದೆ, ಅವಸರ, ಸಾಗಣೆ ಖರ್ಚು ಮೊದಲು ಕಳುಹಿಸಿ" ಎಂಬುದು ಹಳೆಯ ಮೋಸದ ಮಾತು. ಹಣ ವಾಪಸ್ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹತ್ತು ನಿಮಿಷದ ಪರೀಕ್ಷೆ

ಹಗಲು ಹೊತ್ತಿನಲ್ಲಿ ಹೋಗಿ. ಒಂದು ಟಾರ್ಚ್, ಅಳತೆ ಟೇಪ್, ಒಂದು ಬೀಗದ ಕೈ ಜೊತೆಗಿರಲಿ.

1. ಅಲುಗಾಟ: ಸಮತಟ್ಟಾದ ನೆಲದ ಮೇಲಿಟ್ಟು ಎದುರುಬದುರು ಮೂಲೆಗಳನ್ನು ಒತ್ತಿ. ಅಲುಗಿದರೆ ಕಾಲಿನ ರಬ್ಬರ್ ಹೋಗಿದೆಯೋ, ಚೌಕಟ್ಟೇ ಸೊಟ್ಟಗಾಗಿದೆಯೋ ನೋಡಿ. ರಬ್ಬರ್ ಹೊಸದು ಹಾಕಬಹುದು, ಸೊಟ್ಟಗಾದ ಚೌಕಟ್ಟು ಬೇಡ.

2. ವೆಲ್ಡಿಂಗ್: ಬೆಂಚನ್ನು ತಲೆಕೆಳಗು ಮಾಡಿ ಪ್ರತಿ ಬೆಸುಗೆಯನ್ನೂ ಟಾರ್ಚ್ ಹಾಕಿ ನೋಡಿ. ಕೂದಲೆಳೆಯಂಥ ಬಿರುಕು, ಬಿರುಕಿನ ಗುಂಟ ತುಕ್ಕಿನ ಗೆರೆ ಕಂಡರೆ ಬಿಟ್ಟುಬಿಡಿ. ಬೆಸುಗೆಯ ಮೇಲೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಏಕೆಂದು ಕೇಳಿ.

3. ತುಕ್ಕು: ಬೀಗದ ಕೈಯಿಂದ ಕೆರೆಯಿರಿ. ಮೇಲ್ಪದರದ ತುಕ್ಕು ಉದುರಿ ಒಳಗೆ ಗಟ್ಟಿ ಲೋಹ ಕಂಡರೆ ಅಡ್ಡಿಯಿಲ್ಲ. ಪದರ ಪದರವಾಗಿ ಎದ್ದುಬಂದರೆ ಅಥವಾ ಕೊಳವೆಯ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಕೆಂಪು ಪುಡಿ ಸುರಿದರೆ ಒಳಗಿನಿಂದ ತಿಂದುಹೋಗಿದೆ ಎಂದರ್ಥ.

4. ಪಿನ್ ಮತ್ತು ತೂತು: ಬೆನ್ನಿನ ಹಲಗೆಯನ್ನು ಏರಿಸಿ ಇಳಿಸುವ ತೂತುಗಳು ದುಂಡಗಿರಬೇಕು. ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಪಿನ್ ಜಾರುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇದೇ. ಪ್ರತಿ ಮೆಟ್ಟಿಲಿನಲ್ಲೂ ಪಿನ್ ಪೂರ್ತಿ ಒಳಗೆ ಹೋಗುತ್ತದೆಯೇ ನೋಡಿ. ಪಿನ್ ಬದಲು ಮೊಳೆ, ಕಬ್ಬಿಣದ ತುಂಡು ತೂರಿಸಿದ್ದರೆ ಕೊಳ್ಳಬೇಡಿ.

5. ನಟ್-ಬೋಲ್ಟ್: ಎಲ್ಲವೂ ಇವೆಯೇ, ಒಂದೇ ಅಳತೆಯವೇ? ಅಸಲಿ ಹೋಗಿ ಸಣ್ಣದನ್ನು ಹಾಕಿದ್ದರೆ ತೂತಿನಲ್ಲಿ ಆಡುತ್ತಿರುತ್ತದೆ.

6. ಹಲಗೆ: ರೆಕ್ಸಿನ್ ಕೆಳಗಿನ ಮರದ ಹಲಗೆಯನ್ನು ಹಿಂದಿನಿಂದ ಬೆರಳಿನಲ್ಲಿ ಒತ್ತಿ. ನೀರು ಕುಡಿದು ಉಬ್ಬಿದ್ದರೆ, ಸ್ಕ್ರೂ ಹಿಡಿತ ಬಿಟ್ಟಿದ್ದರೆ ಹಲಗೆ ಬದಲಿಸಲೇಬೇಕು.

7. ಎತ್ತರ: ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಸ್ಪರ್ಧೆಯ ಬೆಂಚ್‌ಗಳ ಎತ್ತರ 42ರಿಂದ 45 ಸೆಂ.ಮೀ. ಬಹುತೇಕರಿಗೆ ಅದು ಹೊಂದುತ್ತದೆ. ಅದಕ್ಕಿಂತ ತಗ್ಗಿದ್ದರೆ ಮಂಡಿನೋವಿನವರಿಗೆ ಏಳುವುದು ಕಷ್ಟ.

8. ಕೊನೆಯ ಪರೀಕ್ಷೆ: ಮಾರುವವರನ್ನೇ ಮೊದಲು ಮಲಗಲು ಹೇಳಿ. ಅನಂತರ ನಿಮ್ಮ ಮನೆಯ ಆರೋಗ್ಯವಂತರೊಬ್ಬರು ಪ್ರತಿ ಮೆಟ್ಟಿಲಿನಲ್ಲೂ ಮಲಗಿ ನೋಡಲಿ. ರೋಗಿ ಮೊದಲ ಪರೀಕ್ಷಕರಾಗುವುದು ಬೇಡ.

ಸಂಶಯವಿದ್ದರೆ ಏರಿಳಿಸುವ ಬೆಂಚ್ ಬಿಟ್ಟು ಚಪ್ಪಟೆ ಬೆಂಚ್ ಕೊಳ್ಳಿ. ಅದರಲ್ಲಿ ಪಿನ್ನೇ ಇಲ್ಲ, ಜಾರುವ ಪ್ರಶ್ನೆಯೂ ಇಲ್ಲ.

ಭಾರದ ಲೆಕ್ಕ

ಬೆಂಚ್ ಹೊರಬೇಕಾದ ಭಾರ ಎಂದರೆ ನಿಮ್ಮ ಮೈತೂಕ ಮತ್ತು ನೀವು ಹಿಡಿದ ಭಾರ ಎರಡೂ ಸೇರಿ. 72 ಕೆಜಿ ತೂಗುವವರು 4 ಕೆಜಿಯ ಎರಡು ಡಂಬೆಲ್ ಹಿಡಿದರೆ 80 ಕೆಜಿ. ಇದರ ಒಂದೂವರೆ ಪಟ್ಟು, ಅಂದರೆ 120 ಕೆಜಿಯಾದರೂ ತಾಳುವ ಬೆಂಚ್ ಆರಿಸಿಕೊಳ್ಳಿ. ಚೀಟಿ ಹರಿದುಹೋಗಿದ್ದರೆ ಕಂಪನಿ ಮತ್ತು ಮಾದರಿಯ ಹೆಸರಿನಿಂದ ಹುಡುಕಿ ನೋಡಿ. ಎರಡೂ ಗೊತ್ತಾಗದಿದ್ದರೆ ಬಾಯಿಮಾತಿನ "200 ಕೆಜಿ ತಡೆಯುತ್ತೆ ಸಾರ್" ಎಂಬುದನ್ನು ನಂಬಬೇಡಿ.

ಜೊತೆಗೆ ಬರುವ ಪ್ಲೇಟ್‌ಗಳನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಕೆಲವದರ ಮೇಲೆ ಪೌಂಡ್ ಲೆಕ್ಕವಿರುತ್ತದೆ. 20 ಪೌಂಡ್ ಎಂದರೆ ಸುಮಾರು 9 ಕೆಜಿ. ಎಡಗೈಯಲ್ಲಿ ಒಂದು ತೂಕ, ಬಲಗೈಯಲ್ಲಿ ಇನ್ನೊಂದಾದರೆ ಭುಜಕ್ಕೆ ಪೆಟ್ಟು. ಪ್ಲೇಟಿನ ತೂತೂ ರಾಡಿಗೆ ಸರಿಯಾಗಬೇಕು. ಒಲಿಂಪಿಕ್ ರಾಡಿನ ಪ್ಲೇಟ್‌ಗೆ ಸುಮಾರು 50 ಮಿ.ಮೀ. ತೂತು, ಮನೆಬಳಕೆಯ ರಾಡಿನದು ಅದರ ಅರ್ಧದಷ್ಟು.

ಒಂಟಿಯಾಗಿರುವವರು, ಹೃದ್ರೋಗಿಗಳು, ವಯಸ್ಸಾದವರು ಉದ್ದನೆಯ ರಾಡನ್ನು ಎದೆಯ ಮೇಲೆ ತಂದು ಎತ್ತುವ ವ್ಯಾಯಾಮ ಮಾಡಲೇಬೇಡಿ. ಕೈ ಸೋತರೆ ರಾಡ್ ಎದೆ ಅಥವಾ ಕುತ್ತಿಗೆಯ ಮೇಲೆ ಕೂರುತ್ತದೆ, ಕೂಗಲೂ ಆಗುವುದಿಲ್ಲ. ಇಂಥ ಅವಘಡಗಳಲ್ಲಿ ಗಟ್ಟಿಮುಟ್ಟಾದವರೂ ಪ್ರಾಣ ಕಳೆದುಕೊಂಡಿದ್ದಾರೆ. ಡಂಬೆಲ್ ಆದರೆ ಪಕ್ಕಕ್ಕೆ ಬಿಡಬಹುದು. ಮಾರುವವರು ರಾಡನ್ನು ಪುಕ್ಕಟೆ ಕೊಟ್ಟರೂ ಅದು ಮಂಚದ ಕೆಳಗಿರಲಿ.

ಶುಚಿ ಮಾಡದೆ ಬಳಸಬೇಡಿ

ಹಳೆಯ ಬೆಂಚಿನ ರೆಕ್ಸಿನ್‌ನಲ್ಲಿ ಹತ್ತಾರು ಜನರ ಬೆವರು ಇರುತ್ತದೆ. ಹುಳುಕಡ್ಡಿಯಂಥ ಶಿಲೀಂಧ್ರ ಸೋಂಕು, ಕೀವುಗುಳ್ಳೆ ಮಾಡುವ ಬ್ಯಾಕ್ಟೀರಿಯಾ ಇಂಥ ಮೇಲ್ಮೈಯಿಂದ ಹರಡಬಹುದು. ಮಧುಮೇಹ ಇರುವವರಿಗೆ ಇವು ಬೇಗ ತಗಲುತ್ತವೆ, ನಿಧಾನವಾಗಿ ವಾಸಿಯಾಗುತ್ತವೆ.

- ಹೊಲಿಗೆಯ ಸಂದುಗಳಲ್ಲಿ ಕಪ್ಪು ಚುಕ್ಕೆಗಳಿವೆಯೇ ನೋಡಿ. ಅದು ತಿಗಣೆಯ ಗುರುತಾಗಿರಬಹುದು.
- ಸೋಪಿನ ನೀರಿನಿಂದ ಒರೆಸಿ, ಒಣಗಿಸಿ. ಆಮೇಲೆ 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮೊದಲು ಒಂದು ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುತ್ತದೆಯೇ ನೋಡಿ. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಒಲೆ ಬೇಡ.
- ಬ್ಲೀಚ್ ಕಬ್ಬಿಣವನ್ನು ತಿನ್ನುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಜೊತೆ ಅದನ್ನು ಬೆರೆಸಿದರೆ ವಿಷಾನಿಲ ಏಳುತ್ತದೆ. ಎಂದೂ ಬೆರೆಸಬೇಡಿ.
- ರೆಕ್ಸಿನ್ ಹರಿದು ಫೋಮ್ ಕಾಣುತ್ತಿದ್ದರೆ ಅದನ್ನು ಶುಚಿ ಮಾಡಲು ಸಾಧ್ಯವಿಲ್ಲ. ಸೋಫಾ ರಿಪೇರಿ ಮಾಡುವವರಲ್ಲಿ ಫೋಮ್, ರೆಕ್ಸಿನ್ ಎರಡನ್ನೂ ಹೊಸದಾಗಿ ಹಾಕಿಸಿ. ಈ ಖರ್ಚನ್ನು ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ಹಿಡಿಯಿರಿ.
- ಪ್ರತಿ ಸಲ ಒಂದು ಟವೆಲ್ ಹಾಸಿ ಮಲಗಿ. ಅದನ್ನು ಒಗೆಯುತ್ತಿರಿ.
- ಚರ್ಮದ ಮೇಲೆ ದುಂಡನೆಯ ತುರಿಕೆ ಎದ್ದರೆ ಸ್ಟಿರಾಯ್ಡ್ ಬೆರೆತ ಮುಲಾಮನ್ನು ನೀವಾಗಿಯೇ ಕೊಂಡು ಹಚ್ಚಬೇಡಿ. ತುರಿಕೆ ನಿಂತಂತೆ ಕಂಡರೂ ಸೋಂಕು ಹರಡುತ್ತದೆ. ವೈದ್ಯರಿಗೆ ತೋರಿಸಿ.

ಚೂಪಾದ ಅಂಚಿನಿಂದ ಗಾಯವಾದರೆ ಸೋಪು-ನೀರಿನಿಂದ ತೊಳೆದು, ಧನುರ್ವಾಯು ಲಸಿಕೆ ಯಾವಾಗ ಆಗಿತ್ತೆಂದು ನೆನಪಿಸಿಕೊಂಡು ವೈದ್ಯರನ್ನು ಕಾಣಿ.

ಮನೆಯಲ್ಲಿ ಎಲ್ಲಿಡಬೇಕು?

ಟೈಲ್ಸ್ ನೆಲದ ಮೇಲೆ ರಬ್ಬರ್ ಮ್ಯಾಟ್ ಹಾಸಿ. ಬಾಲ್ಕನಿಯ ಬಿಸಿಲಿಗೆ ರೆಕ್ಸಿನ್ ಒಡೆಯುತ್ತದೆ, ಮಳೆಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಎರಡೂ ಬದಿಗೆ ಕೈಚಾಚುವಷ್ಟು ಜಾಗವಿರಲಿ. ಏಳುವಾಗ ಹಿಡಿದುಕೊಳ್ಳಲು ಹತ್ತಿರ ಗೋಡೆಯೋ ಗಟ್ಟಿ ಮೇಜೋ ಇದ್ದರೆ ಒಳ್ಳೆಯದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಡಂಬೆಲ್, ಪ್ಲೇಟ್‌ಗಳನ್ನು ನೆಲಮಟ್ಟದಲ್ಲಿ, ಬೀಗವಿರುವ ಕಪಾಟಿನಲ್ಲಿಡಿ. ಮಡಚುವ ಬೆಂಚಿನ ಸಂದಿನಲ್ಲಿ ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತದೆ, ಎಚ್ಚರ.

ನಿಮ್ಮ ಔಷಧಗಳ ಪಟ್ಟಿ ತೆಗೆಯಿರಿ

ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಆದರೆ ಇವುಗಳ ಗುಣ ತಿಳಿದಿರಲಿ.

ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್: ವ್ಯಾಯಾಮದಿಂದ ಸಕ್ಕರೆ ತೀರಾ ಇಳಿಯಬಹುದು. ಶುರು ಮಾಡುವ ಮೊದಲು ಗ್ಲುಕೋಮೀಟರ್‌ನಲ್ಲಿ ನೋಡಿ. 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣಿನಂಥದ್ದೇನಾದರೂ ತಿಂದು ಶುರು ಮಾಡಿ. ನಡುಕ, ಬೆವರು, ಮಂಕು ಬಂದು ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಸಂಜೆ ವ್ಯಾಯಾಮ ಮಾಡಿದರೆ ರಾತ್ರಿ ನಿದ್ದೆಯಲ್ಲೂ ಸಕ್ಕರೆ ಇಳಿಯಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಕಡಿಮೆ.

ಮೆಟೊಪ್ರೊಲೊಲ್, ಅಟೆನೊಲೊಲ್: ಇವು ನಾಡಿ ಬಡಿತವನ್ನು ಏರಲು ಬಿಡುವುದಿಲ್ಲ. ನಾಡಿ ನೋಡಿ ಶ್ರಮ ಅಳೆಯುವುದು ಇವರಿಗೆ ಉಪಯೋಗವಿಲ್ಲ. ವ್ಯಾಯಾಮ ಮಾಡುತ್ತಲೇ ಒಂದು ಪೂರ್ತಿ ವಾಕ್ಯ ಮಾತನಾಡಲು ಆಗಬೇಕು, ಅದೇ ಅಳತೆ. ಸಕ್ಕರೆ ಇಳಿದಾಗ ಬರುವ ಎದೆಬಡಿತವನ್ನೂ ಇವು ಮರೆಮಾಡುತ್ತವೆ. ಬೆವರುವುದೊಂದೇ ಸುಳಿವಾಗಿರಬಹುದು.

ಟ್ಯಾಮ್ಸುಲೋಸಿನ್, ಪ್ರಾಜೊಸಿನ್, ನೈಟ್ರೇಟ್ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ: ಮಲಗಿ ಎದ್ದಾಗ ಬಿಪಿ ಇಳಿಯಬಹುದು. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಂತ ಮೇಲೆ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ವೈದ್ಯರಿಗೆ ತಿಳಿಸಿ. ಮಾವನವರಿಗೆ ಅಂದು ಮೇಲಿನ ಅಂಕಿ 138ರಿಂದ 108ಕ್ಕೆ ಇಳಿದಿತ್ತು. ಬೆಂಚಿನಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಕೂತು, ನಿಧಾನವಾಗಿ ಇಪ್ಪತ್ತು ಎಣಿಸಿ, ಆಮೇಲೆ ನಿಲ್ಲಿ.

ವಾರ್ಫರಿನ್, ಅಸೆನೊಕೌಮರಾಲ್, ಆಸ್ಪಿರಿನ್, ಕ್ಲೊಪಿಡೊಗ್ರೆಲ್: ಸಣ್ಣ ಪೆಟ್ಟಿಗೂ ರಕ್ತ ಹೆಪ್ಪುಗಟ್ಟಿ ನೀಲಿಯಾಗುತ್ತದೆ. ತಲೆಗೆ ಪೆಟ್ಟು ಬಿದ್ದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್: ಹೊಸ ವ್ಯಾಯಾಮದ ನೋವು ಮೂರ್ನಾಲ್ಕು ದಿನಗಳಲ್ಲಿ ತಗ್ಗುತ್ತದೆ. ತಗ್ಗದ ನೋವು, ನಿಶ್ಶಕ್ತಿ, ಕಡುಗಂದು ಮೂತ್ರ ಕಂಡರೆ ತಕ್ಷಣ ವೈದ್ಯರನ್ನು ಕಾಣಿ. ರಕ್ತಪರೀಕ್ಷೆಗೆ ಹೋಗುವ ಮುನ್ನ ವ್ಯಾಯಾಮ ಶುರು ಮಾಡಿರುವುದನ್ನು ಹೇಳಿ. ಶ್ರಮದಿಂದಲೂ ಸ್ನಾಯುವಿನ ಕಿಣ್ವಗಳ ಅಂಕಿ ಏರುತ್ತದೆ.

ಪ್ರೆಡ್ನಿಸೊಲೋನ್, ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್: ಸ್ಟಿರಾಯ್ಡ್ ಮಾತ್ರೆ ಬಹುಕಾಲ ತೆಗೆದುಕೊಂಡರೆ ಮೂಳೆ, ಸ್ನಾಯು ಎರಡೂ ಸೊರಗುತ್ತವೆ. ಇಲ್ಲಿ ಹೆಸರಿಸಿದ ಎರಡು ಆ್ಯಂಟಿಬಯಾಟಿಕ್‌ಗಳು ಅಪರೂಪಕ್ಕೆ ಸ್ನಾಯುರಜ್ಜು ಹರಿಯುವಂತೆ ಮಾಡಬಲ್ಲವು. 60 ದಾಟಿದವರಲ್ಲಿ, ಸ್ಟಿರಾಯ್ಡ್ ಜೊತೆ ತೆಗೆದುಕೊಳ್ಳುವವರಲ್ಲಿ ಅಪಾಯ ಹೆಚ್ಚು. ಆ ಕೋರ್ಸ್ ನಡೆಯುವಾಗ ಭಾರ ಎತ್ತುವುದು ಬೇಡ. ಮುಗಿದ ಮೇಲೆ ಯಾವಾಗ ಶುರು ಮಾಡಬೇಕೆಂದು ವೈದ್ಯರನ್ನು ಕೇಳಿ. ಹಿಮ್ಮಡಿಯ ಮೇಲ್ಭಾಗ ನೋಯತೊಡಗಿದರೆ ಕಾಯಬೇಡಿ.

ಶುರು ಮಾಡುವುದು ಹೇಗೆ?

- ಐದು ನಿಮಿಷ ಮೆಲ್ಲಗೆ ನಡೆದು ಮೈ ಬಿಸಿ ಮಾಡಿಕೊಳ್ಳಿ.
- 1 ಅಥವಾ 2 ಕೆಜಿ ಡಂಬೆಲ್‌ನಿಂದ ಆರಂಭಿಸಿ. 10ರಿಂದ 15 ಸಲ ಸುಲಭವಾಗಿ ಎತ್ತಲು ಆಗಬೇಕು. ಕೊನೆಯ ಎರಡು ಸಲ ಸ್ವಲ್ಪ ಕಷ್ಟವೆನಿಸಿದರೆ ಅದೇ ಸರಿಯಾದ ತೂಕ.
- ವಾರಕ್ಕೆ 2 ದಿನ ಸಾಕು. ನಡುವೆ ಒಂದು ದಿನವಾದರೂ ಬಿಡುವು ಇರಲಿ.
- ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಗಟ್ಟಿಯಾಗಿ ಎಣಿಸಿದರೆ ಉಸಿರು ತಾನಾಗಿ ಹೊರಬರುತ್ತದೆ.

ಉಸಿರು ಬಿಗಿಹಿಡಿಯಬಾರದು ಏಕೆ? 1985ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಐವರು ಪಳಗಿದ ದೇಹದಾರ್ಢ್ಯ ಪಟುಗಳು ತಮ್ಮ ಶಕ್ತಿಯ ಮಿತಿಯವರೆಗೆ ಭಾರ ಎತ್ತುವಾಗ ರಕ್ತನಾಳದೊಳಗೇ ಒತ್ತಡ ಅಳೆಯಲಾಯಿತು. ಎರಡೂ ಕಾಲುಗಳಿಂದ ಭಾರ ತಳ್ಳುವಾಗ ಅದು ಸರಾಸರಿ 320/250ಕ್ಕೆ ಏರಿತ್ತು. ಕೆಲವು ಕ್ಷಣಗಳಷ್ಟೇ, ನಿಜ. ಆದರೆ ದುರ್ಬಲ ರಕ್ತನಾಳ ಇರುವವರಿಗೆ ಆ ಕ್ಷಣಗಳೇ ಸಾಕು. ಹಗುರ ಭಾರ, ಬಿಟ್ಟ ಉಸಿರು ಇದ್ದರೆ ಏರಿಕೆ ಬಹಳ ಕಡಿಮೆ. ಹೀಗೆ ಬಿಡದೆ ಮಾಡುತ್ತಿದ್ದರೆ ಕೆಲವು ತಿಂಗಳಲ್ಲಿ ದಿನನಿತ್ಯದ ಬಿಪಿ ತುಸು ಇಳಿಯುವುದೂ ಉಂಟು.

ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಎದೆಯಲ್ಲಿ ಬಿಗಿತ ಅಥವಾ ಭಾರ, ಎಡತೋಳು-ದವಡೆ-ಬೆನ್ನಿಗೆ ಹರಿಯುವ ನೋವು, ತಣ್ಣನೆಯ ಬೆವರು, ಉಸಿರುಕಟ್ಟುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು, ಹಠಾತ್ತನೆ ದೃಷ್ಟಿ ಮಸುಕಾಗುವುದು. ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ 108ಕ್ಕೆ ಕರೆ ಮಾಡಿ. ತೆಲಂಗಾಣ, ಕರ್ನಾಟಕ ಎರಡರಲ್ಲೂ ಆಂಬುಲೆನ್ಸ್‌ಗೆ ಇದೇ ಸಂಖ್ಯೆ. "ಗ್ಯಾಸ್ ಇರಬೇಕು" ಎಂದು ಕಾಯಬೇಡಿ.

ಕೌಂಟರ್‌ನಲ್ಲಿ ಜನ ಕೇಳುವ ಪ್ರಶ್ನೆಗಳು

ಪ್ರೋಟೀನ್ ಪುಡಿ ಬೇಕೇ?
ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ಸ್ನಾಯು ಬೆಳೆಸಲು ಪ್ರೋಟೀನ್ ಪುಡಿ ಬಳಸದಿರಿ ಎಂದೇ ಹೇಳುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕೆಜಿ ಮೈತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು, 60 ಕೆಜಿಯವರಿಗೆ ಸುಮಾರು 50 ಗ್ರಾಂ. ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆ, ಮೀನಿನಿಂದ ಇದು ಸಿಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಹೇಳಿದಷ್ಟೇ ತಿನ್ನಬೇಕು.

ವ್ಯಾಯಾಮದ ನೋವಿಗೆ ನೋವಿನ ಮಾತ್ರೆ ನುಂಗಬಹುದೇ?
ಐಬುಪ್ರೊಫೆನ್, ಡೈಕ್ಲೋಫಿನಾಕ್ ಬಿಪಿ ಏರಿಸುತ್ತವೆ, ಮೂತ್ರಪಿಂಡಕ್ಕೆ ಒಳ್ಳೆಯದಲ್ಲ, ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ರಕ್ತಸ್ರಾವದ ಅಪಾಯವಿದೆ. ನೋವಿದ್ದರೆ ಭಾರ ಇಳಿಸಿ, ಎರಡು ದಿನ ಬಿಡುವು ಕೊಡಿ.

ಹೊಸ ಬೆಂಚೇ ವಾಸಿಯಲ್ಲವೇ?
ಹಳೆಯದರ ಬೆಲೆಗೆ ರೆಕ್ಸಿನ್, ಬೋಲ್ಟ್, ಸಾಗಣೆ ಖರ್ಚು ಸೇರಿಸಿ ನೋಡಿ. ಹೊಸ ಚಪ್ಪಟೆ ಬೆಂಚಿನ ಬೆಲೆಗೆ ಹತ್ತಿರ ಬಂದರೆ ಹೊಸದೇ ಕೊಳ್ಳಿ.

ಕೊನೆಯದಾಗಿ

ಆ ಜಾರುವ ಬೆಂಚನ್ನು ನಾವು ಇನ್ನೊಬ್ಬರಿಗೆ ಮಾರಲಿಲ್ಲ. ಗುಜರಿಯವರಿಗೆ ಕೊಡುವ ಮುನ್ನ ಪಿನ್ ತೆಗೆದು, ಯಾರೂ ಮತ್ತೆ ಬಳಸದಂತೆ ಹಲಗೆ ಬಿಚ್ಚಿ ಕೊಟ್ಟೆವು. ನೀವೂ ಹಾಗೆಯೇ ಮಾಡಿ. ವೈದ್ಯರು ಮಾತ್ರೆಯನ್ನು ರಾತ್ರಿ ಮಲಗುವ ಹೊತ್ತಿಗೆ ಬದಲಿಸಿದರು. ಈಗ ಮನೆಯಲ್ಲಿರುವುದು ಹಳೆಯದೇ, ಆದರೆ ಪರೀಕ್ಷಿಸಿ ತಂದ ಚಪ್ಪಟೆ ಬೆಂಚ್ ಮತ್ತು 2 ಕೆಜಿಯ ಎರಡು ಡಂಬೆಲ್. ಏಳುವ ಮುನ್ನ ಮಾವ ಗಟ್ಟಿಯಾಗಿ ಇಪ್ಪತ್ತು ಎಣಿಸುವುದು ಅಡುಗೆಮನೆಗೂ ಕೇಳುತ್ತದೆ. ನೆಲದ ಮೇಲೆ ಊಟಕ್ಕೆ ಕೂತರೆ ಒಂದು ಕೈ ಊರಿ ತಾವೇ ಏಳುತ್ತಾರೆ.

ಕೊಳ್ಳಲು ಹೊರಡುವ ಮುನ್ನ ನಿಮ್ಮ ಔಷಧಗಳ ಚೀಟಿಯನ್ನು ವೈದ್ಯರಿಗೋ ಹತ್ತಿರದ ಫಾರ್ಮಸಿಸ್ಟ್‌ಗೋ ತೋರಿಸಿ, "ನಾನು ಭಾರ ಎತ್ತಬೇಕೆಂದಿದ್ದೇನೆ" ಎಂದು ಒಂದು ಮಾತು ಹೇಳಿ. ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ನಿಮ್ಮ ಆರೋಗ್ಯಕ್ಕೆ ತಕ್ಕ ಸಲಹೆಯನ್ನು ನಿಮ್ಮ ವೈದ್ಯರಿಂದಲೇ ಪಡೆಯಿರಿ.